ಒಂದೇ ಗೂಡಿನ ಎರಡು ಮೊಲಗಳು

ಮೊಮ್ಮಗಳ ಹಟಕ್ಕೆ ಮಣಿದು ಧಾರವಾಡದ ನಮ್ಮ ಮನೆಗೆ ಎರಡು ಮೊಲದ ಮರಿಗಳನ್ನು ತಂದಾಗ, ಸಾಧುತನದ ಇನ್ನೊಂದು ಹೆಸರೇ ಮೊಲವೆಂದು ನಾನು ನಂಬಿದ್ದೆ. ಎರಡೂ ಹೆಣ್ಣೆಂದು ಮಾರಿದವನು ಹೇಳಿದ್ದ. ಒಂದೇ ತಾಯಿಯ ಮರಿಗಳು. ಮೈಗೆ ಮೈ ಒರಗಿಸಿಯೇ ಮಲಗುತ್ತಿದ್ದವು. ಅವುಗಳನ್ನು ತೋರಿಸಿ, ಸದಾ ಜಗಳಾಡುವ ಮೊಮ್ಮಗಳಿಗೂ ಅವಳ ತಮ್ಮನಿಗೂ ನಾನು ಬುದ್ಧಿ ಹೇಳಿದ್ದುಂಟು.

ನಾಲ್ಕು ತಿಂಗಳು ತುಂಬುವಷ್ಟರಲ್ಲಿ ಆ ಉಪದೇಶ ಹುಸಿಯಾಯಿತು. ಒಂದು ಮತ್ತೊಂದರ ಬೆನ್ನೇರತೊಡಗಿತು. ಗೂಡಿನ ಮೂಲೆಮೂಲೆಗೂ ಮೂತ್ರ ಸಿಂಪಡಿಸಿತು. ಕಿವಿಗಳನ್ನು ಹಿಂದಕ್ಕೊತ್ತಿ, ಬಾಲವನ್ನೆತ್ತಿ, ಎರಡೂ ಒಂದನ್ನೊಂದು ಸುತ್ತತೊಡಗಿದವು. ಆಟವೆಂದು ತಿಳಿದು ನಾನು ಸುಮ್ಮನಿದ್ದೆ. ಒಂದು ಬೆಳಗಿನ ಜಾವ ಎದ್ದು ನೋಡಿದರೆ ಗೂಡಿನ ತುಂಬ ಕಿತ್ತ ತುಪ್ಪಳ. ಎರಡೂ ಉಂಡೆಯಾಗಿ ಉರುಳಾಡುತ್ತಿದ್ದವು. ಬಿಡಿಸಲು ಹೋದ ನನ್ನ ಹೆಬ್ಬೆರಳಿಗೆ ಹಲ್ಲು ನಾಟಿತು. ಕಡೆಗೆ ಸೊಸೆ ದಪ್ಪ ಟವೆಲನ್ನೆಸೆದು ಒಂದನ್ನು ಮುಚ್ಚಿ ಎತ್ತಿಕೊಂಡಳು. ಕಾದುವ ಮೊಲಗಳ ನಡುವೆ ಬರಿಗೈ ಹಾಕಲೇಬಾರದು.

ಆಗ ಗಾಯವೇ ಕಾಣಿಸಲಿಲ್ಲ. ವಾರದ ಮೇಲೆ ಒಂದರ ತೊಡೆಯ ಸಂದಿನಲ್ಲಿ ಗಂಟು ಕೈಗೆ ಸಿಕ್ಕಿತು. ಮೊಲದ ಕೀವು ಬೆಣ್ಣೆಯಂತೆ ಗಟ್ಟಿ. ತಾನಾಗಿ ಹರಿದು ಬಾರದು, ಶಸ್ತ್ರದಿಂದಲೇ ತೆರೆಯಬೇಕಾಯಿತು. "ಎರಡೂ ಗಂಡು ಅದಾವರೀ, ಅಜ್ಜಾರ" ಎಂದು ಪಶುವೈದ್ಯರು ನಕ್ಕರು. ಎಳೆಯ ಮರಿಗಳಲ್ಲಿ ಗಂಡು ಹೆಣ್ಣುಗಳ ಗುರುತು ತಪ್ಪುವುದು ಸಾಮಾನ್ಯವಂತೆ.

ಅವರಿಂದ ತಿಳಿದ ಇನ್ನೊಂದು ಸಂಗತಿ ನನ್ನನ್ನು ಬಹಳ ದಿನ ಕಾಡಿತು. ನಾವು ಸಾಕುವ ಮೊಲ ನಮ್ಮ ಹೊಲಗಳಲ್ಲಿ ಒಂಟಿಯಾಗಿ ತಿರುಗುವ ಮೊಲದ ವಂಶದ್ದಲ್ಲ. ಬಿಲ ತೋಡಿ ಗುಂಪಾಗಿ ಬಾಳುವ ಯುರೋಪಿನ ಕಾಡುಮೊಲದ ಸಂತತಿ. ಆ ಗುಂಪಿನಲ್ಲಿ ಮೇಲುಕೀಳುಗಳುಂಟು. ಪ್ರಾಯಕ್ಕೆ ಬಂದ ಗಂಡುಗಳು ಪರಸ್ಪರ ಕಾದುತ್ತವೆ. ಹೆಣ್ಣುಗಳೂ ಬಿಲಕ್ಕಾಗಿ ಕಾದುತ್ತವೆ. ಆದರೆ ಸೋತದ್ದಕ್ಕೆ ಅಲ್ಲಿ ಓಡಿಹೋಗಲು ಬಯಲಿದೆ. ನಾನು ಕೊಟ್ಟ ಎರಡಡಿಯ ಗೂಡಿನಲ್ಲಿ ಅದು ಎಲ್ಲಿಗೆ ಓಡೀತು?

ಗಾಯ ಮಾಯ್ದ ಮೇಲೆ ಎರಡಕ್ಕೂ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿದೆವು. ಅದರಿಂದ ಮರುದಿನವೇ ಕೋಪವಿಳಿಯದು. ಕೆಲವು ವಾರ ಕಾಯಬೇಕು. (ಹೆಣ್ಣಿದ್ದ ಮನೆಯವರು ಆ ಅವಧಿಯಲ್ಲಿ ಇನ್ನೂ ಎಚ್ಚರವಾಗಿರಬೇಕು, ಅಂಥ ಗಂಡಿನಿಂದ ಆಗಲೂ ಗರ್ಭ ನಿಲ್ಲಬಹುದು.) ಅಷ್ಟು ದಿನ ಎರಡು ಗೂಡುಗಳನ್ನು ಎದುರುಬದುರಾಗಿ, ಮೂತಿ ತಾಗದಷ್ಟು ಅಂತರದಲ್ಲಿಟ್ಟೆವು. ಹಾಸಿದ ಹುಲ್ಲನ್ನು ಆಗಾಗ ಅದಲುಬದಲು ಮಾಡಿ ಪರಸ್ಪರರ ವಾಸನೆ ರೂಢಿಯಾಗುವಂತೆ ನೋಡಿಕೊಂಡೆವು. ಆಮೇಲೆ ಎರಡೂ ಎಂದೂ ಕಾಲಿಡದ ಮಹಡಿಯ ಕೋಣೆಯಲ್ಲಿ, ಟವೆಲ್ ಕೈಯಲ್ಲಿ ಹಿಡಿದು, ದಿನಕ್ಕೆ ಹತ್ತೇ ನಿಮಿಷ ಕೂಡಿಸಿದೆವು. ಹಳೆಯ ಗೂಡಿಗೆ ಮರಳಿ ಬಿಟ್ಟಿದ್ದರೆ ಹಳೆಯ ಜಗಳವೇ ಮರಳುತ್ತಿತ್ತು.

ಮೇವಿನ ಬಟ್ಟಲು ಎರಡು, ನೀರು ಎರಡು, ಅಡಗಲು ಇಟ್ಟ ಪೆಟ್ಟಿಗೆಗಳಿಗೂ ಎರಡೆರಡು ಬಾಗಿಲು. ಈಗ ಹಗಲೆಲ್ಲ ಆ ಕೋಣೆಯಲ್ಲಿ ಜೊತೆಗಿರುತ್ತವೆ. ಮೊನ್ನೆ ಒಂದು ಇನ್ನೊಂದರ ಹಣೆ ನೆಕ್ಕುವುದನ್ನೂ ಕಂಡೆ. ರಾತ್ರಿ ಮಾತ್ರ ನಡುವೆ ಜಾಲರಿ ಇಳಿಸುತ್ತೇನೆ.