ಮೊದಲು ಹೊಲ, ಆಮೇಲೆ ವಿಮಾನ

ನನ್ನ ಲ್ಯಾಪ್‌ಟಾಪಿನಲ್ಲಿ ‘ನಮ್ಮ ವಿಮಾನ’ ಅಂತ ಒಂದು ಎಕ್ಸೆಲ್ ಶೀಟ್ ಇದೆ. 2023ರ ಫೆಬ್ರವರಿ 6ರಂದು ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲಿನಲ್ಲಿ ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆ ಉದ್ಘಾಟನೆಯಾಯಿತಲ್ಲ, ಆಗ ನಾನು ಪಿಯುಸಿ. ಆವತ್ತು ಹತ್ತಿದ ಹುಚ್ಚು ಇದು. ಹೆಲಿಕಾಪ್ಟರ್ ಕೊಳ್ಳೋದು ಕನಸಿನ ಮಾತು. ಆದರೆ ಕೆಲಸ ಸಿಕ್ಕಿದ ಮೇಲೆ ನಾಲ್ಕು ಜನ ಗೆಳೆಯರು ಸೇರಿ ಎರಡು ಸೀಟಿನ ಹಳೇ ವಿಮಾನವೊಂದನ್ನ ತಗೋಬಹುದು ಅನ್ನೋ ಲೆಕ್ಕ ನಂದು. ಇಳಿಸೋಕೆ ಗುಬ್ಬಿ ಹತ್ತಿರ ನಮ್ಮದೇ ಹುಲ್ಲಿನ ಬೀಳು ಇದೆಯಲ್ಲ!

ಶೀಟಿನ ಮೊದಲ ಕಾಲಂ ಬೆಲೆ, ಎರಡನೇದು ವೇಗ. ಬೇಸಿಗೆ ರಜೆಯಲ್ಲಿ ಕುಣಿಗಲ್‌ನಿಂದ ಬಂದ ಸೋದರಮಾವನಿಗೆ ತೋರಿಸಿದೆ. ಸ್ಟಡ್ ಫಾರ್ಮ್ ಪಕ್ಕದಲ್ಲೇ ಬೆಳೆದವರು. ವಿಮಾನ ಗೊತ್ತಿಲ್ಲ, ಕುದುರೆ ಗೊತ್ತು. ಎಲ್ಲಾ ನೋಡಿ ಒಂದೇ ಮಾತು ಕೇಳಿದರು: “ಅಳಿಯಾ, ಓಡೋ ನೆಲ ನೋಡಿದೀಯಾ? ಕುದುರೆ ಕಾಲು ಮುರಿಯೋದು ವೇಗಕ್ಕಲ್ಲ ಕಣೋ, ಹುಲ್ಲೊಳಗೆ ಕಾಣದ ಇಲಿ ಬಿಲಕ್ಕೆ.”

ಮಾರನೇ ದಿನ ಅವರ ಜೀಪನ್ನು ಬೀಳಿನ ಉದ್ದಕ್ಕೂ ಐವತ್ತರ ವೇಗದಲ್ಲಿ ಓಡಿಸಿದೆವು. ಮೂರು ಸಲ ತಲೆ ಟಾಪಿಗೆ ಬಡೀತು. ನನ್ನ ಪಟ್ಟಿಯ ಮೊದಲ ಹೆಸರು ಸೆಸ್ನಾ 152. ಅದಕ್ಕೆ ಮೂಗಿನ ಕೆಳಗೆ ಸಣ್ಣ ಚಕ್ರ. ಅದು ಬಿಲಕ್ಕೆ ಸಿಕ್ಕಿ ಬಾಗಿದರೆ ಪ್ರೊಪೆಲರ್ ನೆಲಕ್ಕೆ ಬಡಿಯುತ್ತೆ, ಎಂಜಿನ್ ಬಿಚ್ಚಿ ನೋಡಬೇಕಾಗುತ್ತೆ. ಅಲ್ಲಿಗೆ ಅಗ್ಗದ ವಿಮಾನದ ಕಥೆ ಮುಗೀತು. ಬಾಲದಲ್ಲಿ ಚಕ್ರ ಇರೋ ವಿಮಾನದ ಮೂಗು ಮೇಲಕ್ಕಿರುತ್ತೆ, ಪ್ರೊಪೆಲರ್ ಹುಲ್ಲಿನಿಂದ ದೂರ ಇರುತ್ತೆ. ಎಚ್‌ಎಎಲ್ 1958ರಲ್ಲಿ ಮೊದಲು ಹಾರಿಸಿದ ಪುಷ್ಪಕ್ ಈ ಜಾತಿಯದ್ದು: ಎರಡು ಸೀಟು, 90 ಅಶ್ವಶಕ್ತಿ, ಬಟ್ಟೆ ಹೊದಿಕೆ, ತಲೆಯ ಮೇಲೆ ರೆಕ್ಕೆ. ಆದರೆ ಓಡುವಾಗ ಇಂಥವು ಗಿರಕ್ಕನೆ ತಿರುಗಿಬಿಡುತ್ತವೆ, ಕಾಲು ಪಳಗಿರಬೇಕು.

ಆಮೇಲೆ ಉದ್ದದ ಲೆಕ್ಕಕ್ಕೆ ಕೂತೆ. ಕೈಪಿಡಿಯ ಪ್ರಕಾರ ಸೆಸ್ನಾ 152 ನಿಂತಲ್ಲಿಂದ ಹೊರಟು 15 ಮೀಟರ್ ಎತ್ತರ ದಾಟೋಕೆ 408 ಮೀಟರ್ ಸಾಕು. ನಮ್ಮ ಬೀಳು 460 ಮೀಟರ್. ಖುಷಿಯೋ ಖುಷಿ! ಆದರೆ ಆ 408 ಸಮುದ್ರಮಟ್ಟದ, 15 ಡಿಗ್ರಿಯ, ಗಟ್ಟಿ ರನ್‌ವೇಯ ಲೆಕ್ಕ. ನಾವಿರೋದು ಸುಮಾರು 800 ಮೀಟರ್ ಎತ್ತರದಲ್ಲಿ. ಗಾಳಿ ತೆಳು. ಬಿಸಿಲೇರಿದರೆ ಇನ್ನೂ ತೆಳು: ರೆಕ್ಕೆಗೂ ಎಂಜಿನ್‌ಗೂ ಪ್ರೊಪೆಲರ್‌ಗೂ ಒಟ್ಟಿಗೇ ಪೆಟ್ಟು. ಬ್ರಿಟನ್ನಿನ ವಿಮಾನಯಾನ ಪ್ರಾಧಿಕಾರದ ಗುಣಕಗಳನ್ನ ಹಾಕಿದೆ. ಪ್ರತಿ 1,000 ಅಡಿ ಎತ್ತರಕ್ಕೆ ಶೇ 10, ಪ್ರತಿ 10 ಡಿಗ್ರಿ ಹೆಚ್ಚುವರಿ ಬಿಸಿಗೆ ಶೇ 10, ಒಣ ಹುಲ್ಲಿಗೆ ಶೇ 20, ಒದ್ದೆ ಹುಲ್ಲಿಗೆ ಶೇ 30. ಕೊನೆಗೆ ಸುರಕ್ಷತೆಗೆ ಅಂತ 1.33ರಿಂದ ಗುಣಿಸಬೇಕು. 35 ಡಿಗ್ರಿಯ ಮಧ್ಯಾಹ್ನ ಒಣ ಹುಲ್ಲಿನ ಮೇಲೆ ಆ 408, ಒಂದು ಕಿಲೋಮೀಟರ್ ದಾಟಿತು.

ಸರಿ, ಇನ್ನೂ ಹಗುರ ನೋಡೋಣ ಅಂತ ಮೈಕ್ರೋಲೈಟ್‌ಗೆ ಬಂದೆ. ಬೆಂಗಳೂರಿನಲ್ಲೇ ರಾಜ್‌ಹಂಸ ಅಲ್ಟ್ರಾಲೈಟ್ಸ್ ತಯಾರಿಸಿದ ಎಕ್ಸ್-ಏರ್ ಇದೆ: ಅಲ್ಯೂಮಿನಿಯಂ ಕೊಳವೆ, ಮೇಲೆ ಬಟ್ಟೆ. ಇಂಥದ್ದಕ್ಕೆ 15 ಮೀಟರ್ ದಾಟೋಕೆ 200 ಮೀಟರ್ ಸಾಕು ಅಂತ ಇಟ್ಟುಕೊಂಡೆ. ಮಧ್ಯಾಹ್ನ 520 ಮೀಟರ್ ಬೇಕು. ಬೆಳಗ್ಗೆ 18 ಡಿಗ್ರಿಯಲ್ಲಾದರೆ 440. ಆಯ್ತಲ್ಲ!

ಆಗಲಿಲ್ಲ. ಬೀಳಿನ ತುದಿಯ ತೆಂಗಿನ ಸಾಲು 15 ಮೀಟರ್ ಅಲ್ಲ, 20. ಹತ್ತು ಮೀಟರ್ ಮುಂದೆ ಹೋದರೆ ಒಂದು ಮೀಟರ್ ಏರುತ್ತೆ ಅಂತಿಟ್ಟುಕೊಂಡರೂ ಇನ್ನೂ 50 ಬೇಕು. ಒಟ್ಟು 490. ಮೂವತ್ತು ಮೀಟರ್ ಸಾಲದು.

ಹನ್ನೊಂದು ಮರ. ಅಜ್ಜ ನೆಟ್ಟಿದ್ದು. ರಾತ್ರಿ ಊಟಕ್ಕೆ ಕೂತಾಗ ಹಿಂದುಮುಂದು ನೋಡದೆ “ಆ ಸಾಲು ತೆಗೆದರೆ...” ಅಂದುಬಿಟ್ಟೆ. ಅಪ್ಪ ತಲೆ ಎತ್ತಲಿಲ್ಲ. ಅಜ್ಜಿ ಮುದ್ದೆ ಮುರೀತಾ ಅಂದರು: “ಕಡಿಯಪ್ಪ, ನಿಮ್ಮಜ್ಜ ಏನು ಎದ್ದು ಬಂದು ಕೇಳಲ್ಲ. ಹೋದ ವರ್ಷ ನಿನ್ನ ಫೀಸು ಕಟ್ಟಿದ್ದು ಯಾವ ಕೊಬ್ಬರಿ ಮಾರಿ ಅಂತ ಒಂದ್ಸಲ ನಿಮ್ಮಪ್ಪನ್ನ ಕೇಳಿ, ಆಮೇಲೆ ಕಡಿ.”

ಕೇಳಲಿಲ್ಲ. ಕೇಳೋದು ಏನೂ ಉಳಿದಿರಲಿಲ್ಲ. ಎಷ್ಟೆಲ್ಲ ಗುಣಕ ಹಾಕಿದ್ದ ನನ್ನ ಶೀಟಿನಲ್ಲಿ ಆ ಒಂದು ಸಾಲು ಇರಲೇ ಇಲ್ಲ.

ಬೀಳು ಬೀಳಾಗೇ ಇದೆ, ಮರಗಳೂ ಇವೆ. ಶೀಟನ್ನ ಅಳಿಸಿಲ್ಲ, ಕಾಲಂ ಅದಲುಬದಲು ಮಾಡಿದೀನಿ. ಈಗ ಮೊದಲು ಹೊಲದ ಉದ್ದ, ಆಮೇಲೆ ಎತ್ತರ, ಬಿಸಿಲು, ಹುಲ್ಲು, ತುದಿಯಲ್ಲಿ ಏನಿದೆ, ಅದು ಯಾರದ್ದು. ಆಮೇಲೆ ಚಕ್ರ, ತೂಕ. ಬೆಲೆ ಕಟ್ಟಕಡೆಗೆ. ಈ ಕ್ರಮದಲ್ಲಿ ಹುಡುಕಿದರೆ ನಮ್ಮ ಬೀಳಿಗೆ ಒಂದು ವಿಮಾನವೂ ಉಳಿಯಲ್ಲ. ಉಳಿಯಲ್ಲ ಅಂತ ಕೊಳ್ಳೋ ಮೊದಲೇ ಗೊತ್ತಾಗಿದ್ದೇ ದೊಡ್ಡ ಉಳಿತಾಯ.

ನಾಲ್ಕು ಜನ ಇನ್ನೂ ದುಡ್ಡು ಕೂಡಿಸ್ತಾ ಇದೀವಿ, ಮೊದಲು ಹಾರೋದು ಕಲಿಯೋಕೆ. ಯಾರಾದರೂ ಊರಲ್ಲಿ 600 ಮೀಟರ್ ಸಮತಟ್ಟು ಬೀಳು, ತುದಿಯಲ್ಲಿ ಮರ ಇಲ್ಲದ್ದು ಇದ್ದರೆ ಹೇಳಿ. ಜೀಪು ತರೋಕೆ ಮಾವ ರೆಡಿ.