ಗಂಡುಮಕ್ಕಳಿಗೆ ಮೊದಲ ಪಾಠ

ಟಿಳಕವಾಡಿಯ ನಮ್ಮ ಮನೆಯಲ್ಲಿ ಒಂದು ಸಾಯಂಕಾಲ ಮೊಮ್ಮಗನಿಗೆ ಸ್ತ್ರೀಪೂಜೆಯನ್ನು ಕುರಿತ ಮನುಸ್ಮೃತಿಯ ಶ್ಲೋಕವನ್ನು ಬಾಯಿಪಾಠ ಮಾಡಿಸಿದೆವು. ಅವನು ತಪ್ಪಿಲ್ಲದೆ ಒಪ್ಪಿಸಿ, ಉಂಡು ಎದ್ದನು. ಎಂಜಲ ತಾಟನ್ನು ತಂಗಿಯು ಎತ್ತಿದಳು. ನಾವು ಸುಮ್ಮನೆ ನೋಡುತ್ತ ಕುಳಿತೆವು.

ಆಗ ಒಂದು ಸಂಗತಿಯು ನೆನಪಾಯಿತು. 2023ನೆಯ ಇಸವಿಯ ಡಿಸೆಂಬರದಲ್ಲಿ ಇದೇ ಬೆಳಗಾವಿ ತಾಲೂಕಿನ ಹೊಸ ವಂಟಮೂರಿಯಲ್ಲಿ, ಮಗನು ಪ್ರೇಮಿಸಿದವಳೊಡನೆ ಊರು ಬಿಟ್ಟನೆಂಬ ಕಾರಣಕ್ಕೆ, ಅವನ ತಾಯಿಯನ್ನು ವಿವಸ್ತ್ರಗೊಳಿಸಿ ಕಂಬಕ್ಕೆ ಕಟ್ಟಿ ಹೊಡೆದರು. ನೆರೆದವರಲ್ಲಿ ಹೆಚ್ಚಿನವರು ಸುಮ್ಮನೆ ನೋಡುತ್ತ ನಿಂತರು. ಕರ್ನಾಟಕದ ಉಚ್ಚನ್ಯಾಯಾಲಯವು ತಾನಾಗಿಯೇ ವಿಚಾರಣೆಯನ್ನು ಕೈಕೊಂಡಿತು. ಹೆಣ್ಣನ್ನು ಗೌರವಿಸುವದನ್ನು ಗಂಡುಮಕ್ಕಳಿಗೆ ಕಲಿಸಬೇಕೆಂದು ಹೇಳಿತು.

ನಾವು ಏನನ್ನು ಕಲಿಸಿದೆವು? ಪೂಜಿಸಬೇಕೆನ್ನುವ ಮನುಸ್ಮೃತಿಯೇ ಒಂಬತ್ತನೆಯ ಅಧ್ಯಾಯದಲ್ಲಿ ಸ್ತ್ರೀಗೆ ಸ್ವಾತಂತ್ರ್ಯ ಸಲ್ಲದೆಂದೂ ಹೇಳುವದು. ಶಾಲೆಯಲ್ಲಿದ್ದಷ್ಟು ವರುಷವೂ ಮೊದಲಿನದನ್ನೇ ಪಾಠ ಹೇಳಿ, ಎರಡನೆಯದನ್ನು ಮುಚ್ಚಿಟ್ಟೆವು. ಪೂಜೆಯು ಪೂಜಿಸುವವನ ಇಚ್ಛೆಗೆ ಬಿಟ್ಟದ್ದು, ಹಕ್ಕು ಹಾಗಲ್ಲ. 1950ರಲ್ಲಿ ಜಾರಿಗೆ ಬಂದ ನಮ್ಮ ಸಂವಿಧಾನವು ಹೆಣ್ಣಿಗೆ ಕೊಟ್ಟದ್ದು ಪೂಜೆಯನ್ನಲ್ಲ, ಸಮಾನತೆಯ ಹಕ್ಕನ್ನು.

ಮರುದಿನ ನಾವು ನಮ್ಮ ತಾಟನ್ನು ನಾವೇ ತೊಳೆದೆವು. ಅರವತ್ತು ವರುಷಗಳಲ್ಲಿ ಅದೇ ಮೊದಲು. ಮೊಮ್ಮಗನು ಕ್ಷಣಹೊತ್ತು ನೋಡಿ ತನ್ನ ತಾಟನ್ನು ಎತ್ತಿಕೊಂಡನು. ಶ್ಲೋಕದ ಅರ್ಥವನ್ನು ಅವನಿಗೆ ಇನ್ನು ಹೇಳಬೇಕಾಗಿದೆ, ಎರಡೂ ಶ್ಲೋಕಗಳದ್ದು.