ಎಲ್ಲಾ ಇದೆ, ಏಳಕ್ಕಾಗ್ತಿಲ್ಲ

ಅಂಜುಬುರುಕರಿಗೂ ಕಾಸಿಲ್ಲದವರಿಗೂ ಒಟ್ಟಿಗೇ ಸಿಕ್ಕ ವರವೆಂದರೆ ಲಿನಕ್ಸಿನ ಸಾಫ್ಟ್‌ವೇರ್ ರೇಡ್. ದುಬಾರಿಯ ದೊಡ್ಡ ಡಿಸ್ಕಿನ ಬದಲು ಅಗ್ಗದವನ್ನು ಜೋಡಿಸಿ ಬಳಸಬಹುದೆಂದು ಬರ್ಕ್ಲಿಯ ಪ್ಯಾಟರ್ಸನ್, ಗಿಬ್ಸನ್, ಕಾಟ್ಜ್ 1988ರಲ್ಲಿ ಬರೆದದ್ದು ಎಸ್.ಪಿ. ರೋಡಿನಲ್ಲಿ ಚೌಕಾಸಿ ಮಾಡುವ ನಮಗಾಗಿಯೇ ಇರಬೇಕು. ಎರಡು ಡಿಸ್ಕು ಸಿಕ್ಕಿಸಿದರೆ ಸಾಕು; ಒಂದರಲ್ಲಿ ಬರೆದದ್ದನ್ನು ಇನ್ನೊಂದರಲ್ಲೂ ಬರೆಯುವ ಚಾಕರಿ ಲಿನಕ್ಸಿನದು.

ಸಾಗರದ ಕಡೆಯ ಗೆಳೆಯನೊಬ್ಬ ಮಲ್ಲೇಶ್ವರದಲ್ಲಿ ಲಗ್ನಪತ್ರಿಕೆ ಅಚ್ಚು ಹಾಕುತ್ತಿದ್ದ. ಮೊದಲ ಡಿಸ್ಕು ಕಟಕಟ ಎಂದು ಪ್ರಾಣ ಬಿಟ್ಟ ದಿನ ಅವನು ಗಾಬರಿಯಾಗುವ ಬದಲು ಕಾಫಿ ತರಿಸಿದ. "ಇನ್ನೊಂದು ಇದ್ಯಲ್ಲ ಮಾರಾಯ!" ಸ್ವಿಚ್ ಒತ್ತಿದರೆ, ಆಪರೇಟಿಂಗ್ ಸಿಸ್ಟಮ್ಮೇ ಇಲ್ಲ ಎಂದಿತು ಕಂಪ್ಯೂಟರು. ಆ ಮಾಗಿಯ ಮದುವೆಗಳೆಲ್ಲ ಮುಹೂರ್ತಸಮೇತ ಎರಡನೆಯ ಡಿಸ್ಕಿನೊಳಗೆ ಕ್ಷೇಮವಾಗಿದ್ದವು. ಡಿಸ್ಕಿಗೆ ಏಳುವುದೊಂದು ಗೊತ್ತಿರಲಿಲ್ಲ. ಕಾಫಿ ಆರಿತು.

ಸ್ವಿಚ್ ಒತ್ತಿದೊಡನೆ ಮೊದಲು ಎಚ್ಚರಗೊಳ್ಳುವ ಬಯಾಸ್‌ಗೆ ರೇಡೂ ಗೊತ್ತಿಲ್ಲ, ಗೀಡೂ ಗೊತ್ತಿಲ್ಲ. ಅದು ಓದುವುದು ಡಿಸ್ಕಿನ ಮೊದಲ 512 ಬೈಟು. ಅದರಲ್ಲಿ ಸಿಸ್ಟಮ್ಮನ್ನು ಎಬ್ಬಿಸುವ ಬೂಟ್‌ಲೋಡರಿನ ಪಾಲು 446. ಜೋಡಿಯಾಗಿದ್ದವು ಪಾರ್ಟಿಷನ್ನುಗಳು, ಆ 446 ಬೈಟು ಇರುವುದು ಅವುಗಳ ಬೇಲಿಯಾಚೆ. ಇನ್‌ಸ್ಟಾಲರು ಅದನ್ನು ಮೊದಲ ಡಿಸ್ಕಿಗಷ್ಟೇ ಬರೆದು ಕೈ ತೊಳೆದುಕೊಂಡಿತ್ತು. ಅಣ್ಣತಮ್ಮಂದಿರಿಗೆ ಆಸ್ತಿ ಸಮಪಾಲು, ಬೀಗದ ಕೈ ಮಾತ್ರ ಅಣ್ಣನ ಉಡಿದಾರದಲ್ಲಿ. ಅಣ್ಣ ಹೋದ, ಉಡಿದಾರದ ಸಮೇತ.

ಮದ್ದೇನೋ ಸಣ್ಣದೇ. ಸೀಡಿಯಿಂದ ಎಬ್ಬಿಸಿ ಎರಡನೆಯದಕ್ಕೂ ಬೂಟ್‌ಲೋಡರ್ ಬರೆದರೆ ಮುಗಿಯಿತು. ಬಯಾಸ್‌ನ ಜಾಗಕ್ಕೆ ಯುಇಎಫ್‌ಐ ಬಂದ ಮೇಲೆ ತಾಪತ್ರಯ ತೀರಿತೆಂದುಕೊಂಡರೆ ಅದೂ ಇಲ್ಲ. ಅದಕ್ಕೆ ಬೇಕಾದ್ದು ಫ್ಯಾಟ್ ಪಾರ್ಟಿಷನ್. ಲಿನಕ್ಸಿನ ರೇಡ್ ಅದಕ್ಕೂ ಅಪರಿಚಿತ. ಚತುರರು ರೇಡಿನ ಗುರುತನ್ನು ಪಾರ್ಟಿಷನ್ನಿನ ಬಾಲಕ್ಕೆ ಬರೆಯುವ 1.0 ಆವೃತ್ತಿ ಬಳಸಿ ಅದನ್ನು ಯಾಮಾರಿಸುತ್ತಾರೆ. ಯುಇಎಫ್‌ಐ ಎಂದಾದರೂ ಒಂದರಲ್ಲಿ ಮಾತ್ರ ಏನನ್ನೋ ಗೀಚಿತೋ, ಜೋಡಿಗಳ ನಡುವೆ ವ್ಯಾಜ್ಯ ಶುರು.

ನನಗೆ ನೆನಪಾಗಿ ಕಾಡುವುದು ಮಾತ್ರ ಈಗಿನ ಗ್ರಬ್‌ಗಿಂತ ಮುಂಚೆ ಮೆರೆದ ಲಿಲೊ ಎಂಬ ಬೂಟ್‌ಲೋಡರ್. ಏಳುವಾಗ ಅದು ತನ್ನ ಹೆಸರನ್ನು ಒಂದೊಂದೇ ಅಕ್ಷರವಾಗಿ ಹೇಳುತ್ತಿತ್ತು. 'ಎಲ್' ಎಂದು ನಿಂತರೆ ಮೊದಲ ಹಂತ ಶುರುವಾಗಿದೆ, ಎರಡನೆಯದು ಸಿಕ್ಕಿಲ್ಲ. 'ಎಲ್, ಐ' ಎಂದು ನಿಂತರೆ ಎರಡನೆಯದು ಸಿಕ್ಕಿದೆ, ಓಡುತ್ತಿಲ್ಲ. ನಾಲ್ಕೂ ಬಂದರೆ ಗೆದ್ದೆವು. ಎರಡಕ್ಷರಕ್ಕೇ ನಿಂತ ಆ ಪರದೆಯ ಮುಂದೆ ಇಡೀ ಭಾನುವಾರ ಕಳೆದವರುಂಟು. ಎಲ್ಲಿ ತಡವರಿಸಿದೆನೆಂದು ಅದು ಹೇಳುತ್ತಿದ್ದ ಕಾರಣ ಬೈಯಲು ಮನಸ್ಸಾಗುತ್ತಿರಲಿಲ್ಲ.

2015ರ ಕೊನೆಗೆ ಲಿಲೊದ ಬೆಳವಣಿಗೆ ನಿಂತಿತು. ಈಗಿನ ಯಂತ್ರಗಳು ಕೆಟ್ಟರೆ ಕಂಪನಿಯ ಲಾಂಛನ ತೋರಿಸುತ್ತ, ಕೆಳಗೊಂದು ಚಕ್ರ ತಿರುಗಿಸುತ್ತ ಕೂರುತ್ತವೆ. "ಇಲ್ಲೀತನಕ ಬಂದೆ, ಮುಂದಕ್ಕೆ ಆಗ್ತಿಲ್ಲ" ಎಂದು ಒಪ್ಪಿಕೊಳ್ಳುವವರನ್ನು ಆಮೇಲೆ ನಾನು ಕಂಪ್ಯೂಟರುಗಳಲ್ಲಿ ಕಂಡಿಲ್ಲ. ಆಫೀಸಿನ ಸೋಮವಾರದ ಮೀಟಿಂಗಿನಲ್ಲಂತೂ ಮೊದಲೂ ಕಂಡಿರಲಿಲ್ಲ.